ಅಗಸಿ ದಾಟದ ಡಂಗುರ

ಭಾಗ 1

ಮೊದಲ ಫೋಟೋ ನೋಡ್ರಿ. ಎಡಕ್ಕ ಕೆಳಗಿನ ಲ್ಯಾಬ್, ಬಲಕ್ಕ ಮ್ಯಾಲಿನ ಲ್ಯಾಬ್. ಯಾವ ಕಾಲೇಜು ಅಂತ ಕೇಳಬ್ಯಾಡ್ರಿ, ಕ್ಲಾಸಿನವರಿಗೆ ಗೊತ್ತಿದ್ದದ್ದೇ. ಹೋದ ಸೆಮಿಸ್ಟರ್‌ದಾಗ ನಮ್ಮ ಪ್ರಾಜೆಕ್ಟ್ ಫೈಲು ಮ್ಯಾಲಿನ ಲ್ಯಾಬಿನ ಒಂದು ಕಂಪ್ಯೂಟರಿನಾಗ ಉಳಿದಿತ್ತು. ನಾವು ಕೆಳಗ ಕುಂತಿದ್ವಿ. 'ನೆಟ್‌ವರ್ಕ್' ಐಕಾನ್ ಒತ್ತಿದ್ರ ನಮ್ಮ ಕೋಣೆಯ ಯಂತ್ರಗಳೆಲ್ಲಾ ಸಾಲಾಗಿ ಕಂಡ್ವು. ಮ್ಯಾಲಿನವು ಒಂದೂ ಇಲ್ಲ. ರಿಫ್ರೆಶ್ ಮಾಡಿದ್ವಿ, ರಿಸ್ಟಾರ್ಟ್ ಮಾಡಿದ್ವಿ, ವೈರ್ ಕಿತ್ತು ಹಾಕಿದ್ವಿ. ಕೊನಿಗೆ ಪೆನ್‌ಡ್ರೈವ್ ಹಿಡಕೊಂಡು ಮೆಟ್ಟಿಲ ಹತ್ತಿದ್ವಿ.

ಮರುದಿನ ಗೊತ್ತಾತು. ಆ ಕಂಪ್ಯೂಟರಿನ ಐಪಿ ವಿಳಾಸ ನೇರ ಬರೆದಿದ್ರ ಫೋಲ್ಡರ್ ತೆರೀತಿತ್ತು! ಅಂದ್ರ ದಾರಿ ಇತ್ತು, ಯಂತ್ರಾನೂ ಇತ್ತು. ಕಾಣ್ತಿದ್ದಿಲ್ಲ, ಅಷ್ಟ.

ಕಾಣೋದು ಬ್ಯಾರೆ, ಮುಟ್ಟೋದು ಬ್ಯಾರೆ. ಈ ಸರಣಿ ಅದರ ಮ್ಯಾಲ. ಬ್ಯಾರೆ ಬ್ಯಾರೆ ಕೋಣೆಯ, ಬ್ಯಾರೆ ಬ್ಯಾರೆ ಕಚೇರಿಯ ಕಂಪ್ಯೂಟರುಗಳು ಒಂದಕ್ಕೊಂದು ಕಾಣೂ ಹಂಗ ಮಾಡಾಕ ಜನ ಏನೇನು ಮಾಡ್ಯಾರ ಅನ್ನೋ ಇತಿಹಾಸ. ಸ್ವಲ್ಪ ಉದ್ದ ಐತಿ. ನಡುವ ಬಿಟ್ಟು ಹೋಗಬ್ಯಾಡ್ರಿ, ಯಾಕಂದ್ರ ಕೊನಿಗೆ ಇದು ನಿಮ್ಮ ಮನಿ ಉತಾರಕ್ಕ ಬಂದು ಮುಟ್ಟತೈತಿ.

ಭಾಗ 2

ನಮ್ಮ ಕಡೆ ಹಳ್ಳಿಗೊಂದು ಅಗಸಿ ಇರತೈತಿ. ಇಂಡಿ ಇರಲಿ, ಸಿಂದಗಿ ಇರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹೋಗ್ರಿ, ಊರ ಬಾಗಿಲು ಅಂದ್ರ ಅಗಸಿ. ಏನಾರ ಸುದ್ದಿ ಇದ್ರ ಹಲಗಿ ಬಾರಿಸಿ ಡಂಗುರ ಸಾರತಿದ್ರು. ಓಣಿ ಓಣಿಗೂ ಕೇಳತಿತ್ತು. ಆದ್ರ ಅಗಸಿ ಹೊರಗ? ಪಕ್ಕದ ಊರಿನವರಿಗೆ ನಮ್ಮ ಡಂಗುರ ಕೇಳಂಗಿಲ್ಲ. ಕೇಳಬಾರದು ಕೂಡ. ಎಲ್ಲಾ ಊರಿನ ಡಂಗುರ ಎಲ್ಲಾ ಊರಿಗೂ ಕೇಳಿದ್ರ ಯಾರೂ ಮಲಗಂಗಿಲ್ಲ.

ಕಂಪ್ಯೂಟರುಗಳ ಕಥೆ ಹುಬೇಹೂಬ ಹಿಂಗ ಶುರುವಾತು. ಐಬಿಎಂ ಕಂಪನಿ ತನ್ನ ಪಿಸಿಗಳನ್ನು ಜೋಡಿಸಲು ಒಂದು ಜಾಲ ತಂದಿತು. ಅದಕ್ಕಾಗಿ 1983ರಲ್ಲಿ ಸೈಟೆಕ್ ಎಂಬ ಕಂಪನಿ ಬರೆದುಕೊಟ್ಟದ್ದೇ ನೆಟ್‌ಬಯಾಸ್. ಒಂದು ಸಣ್ಣ ಆಫೀಸು, ಅದರಲ್ಲಿ ಹತ್ತಾರು ಯಂತ್ರ, ಇಷ್ಟೇ ಅವರ ಕಣ್ಣ ಮುಂದಿದ್ದ ಜಗತ್ತು. ಹಾಗಾಗಿ ಹೆಸರು ಹಿಡಿಯುವ ಪದ್ಧತಿಯೂ ಸರಳ. ಹೊಸ ಯಂತ್ರ ಚಾಲೂ ಆದ ಕೂಡಲೇ 'ನಾನು ಅಕೌಂಟ್ಸ್1, ಈ ಹೆಸರು ಬೇರೆ ಯಾರಿಗಾದರೂ ಇದೆಯೇ?' ಎಂದು ಕೂಗುತ್ತದೆ. ಯಾರೂ ತಕರಾರು ಮಾಡದಿದ್ದರೆ ಹೆಸರು ಅದರದ್ದು. ಇನ್ನೊಂದು ಯಂತ್ರ ಬೇಕಾದರೆ 'ಪ್ರಿಂಟ್‌ರೂಮ್ ಎಲ್ಲಿದ್ದೀಯಾ?' ಎಂದು ಮತ್ತೆ ಕೂಗು. ಈ ಕೂಗಿಗೆ ಬ್ರಾಡ್‌ಕಾಸ್ಟ್ ಅಂತಾರ. ಶುದ್ಧ ಡಂಗುರ.

ಹೆಸರಿಗೆ 16 ಅಕ್ಷರದ ಜಾಗ. ಅದರಾಗ 15 ನಮಗ, ಕೊನೇದು ಯಂತ್ರ ಏನು ಕೆಲಸ ಮಾಡತೈತಿ ಅಂತ ಹೇಳೋ ಗುರುತಿಗೆ. ಇವತ್ತಿಗೂ ವಿಂಡೋಸಿನಾಗ ಕಂಪ್ಯೂಟರ್ ಹೆಸರು 15 ಅಕ್ಷರ ದಾಟಿದ್ರ ಗೊಣಗತೈತಿ, ನೋಡಿರಬೇಕು. ಆ 1983ರ ಲೆಕ್ಕ ಇನ್ನೂ ಬೆನ್ನು ಬಿಟ್ಟಿಲ್ಲ.

ಆಮ್ಯಾಲ ಆಫೀಸು ಬೆಳೀತು. ಒಂದು ಮಹಡಿ ಎರಡಾತು, ಒಂದು ಕಟ್ಟಡ ನಾಲ್ಕಾತು. ಎಲ್ಲರೂ ಒಂದೇ ತಂತಿ ಮ್ಯಾಲ ಕೂಗಿದ್ರ ಗದ್ದಲ. ಅದಕ್ಕ ಜಾಲವನ್ನ ತುಂಡು ತುಂಡು ಮಾಡಿ ನಡುವ ರೌಟರ್ ಇಟ್ರು. ಒಂದೊಂದು ತುಂಡಿಗೆ ಸಬ್‌ನೆಟ್ ಅಂತ ಹೆಸರು. ರೌಟರ್ ಅಂದ್ರ ನಮ್ಮ ಅಗಸಿ. ವಿಳಾಸ ಬರೆದ ಪತ್ರ ತಂದ್ರ ದಾಟಿಸತೈತಿ. ಕೂಗು ಬಂದ್ರ ಅಲ್ಲೇ ತಡೀತೈತಿ.

ನಮ್ಮ ಲ್ಯಾಬಿನ ಸಮಸ್ಯೆ ಇಷ್ಟ. ಮ್ಯಾಲಿನ ಕೋಣೆ 192.168.2ರ ಓಣಿ, ಕೆಳಗಿನದು 192.168.1ರ ಓಣಿ. ನಾವು ಕೆಳಗ ಎಷ್ಟು ಹಲಗಿ ಬಡದ್ರೂ ಮ್ಯಾಲ ಕೇಳಂಗಿಲ್ಲ.

ಭಾಗ 3

ಇದು ನನಗ ಭಾಳ ಸೇರೋ ಭಾಗ. ಕಂಪ್ಯೂಟರುಗಳ ಇಲೆಕ್ಷನ್!

1992ರಲ್ಲಿ ಮೈಕ್ರೋಸಾಫ್ಟ್ 'ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್' ತಂದಿತು. 1995ರಲ್ಲಿ ವಿಂಡೋಸ್ 95 ಬಂದಾಗ ಪರದೆಯ ಮೇಲೆ 'ನೆಟ್‌ವರ್ಕ್ ನೈಬರ್‌ಹುಡ್' ಎಂಬ ಚಿತ್ರ ಬಂತು. ಒತ್ತಿದ್ರ ನೆರೆಹೊರೆಯ ಯಂತ್ರಗಳ ಪಟ್ಟಿ. ಈ ಪಟ್ಟಿ ಯಾರು ಬರೀತಾರ? ಪ್ರತಿ ಸಲ ಎಲ್ಲರೂ ಎಲ್ಲರನ್ನೂ ಕೂಗಿ ಕೇಳಾಕ ಆಗಂಗಿಲ್ಲಲ್ಲ. ಅದಕ್ಕ ಓಣಿಗೊಬ್ಬ ಹಿರಿಯನನ್ನ ಆರಿಸ್ತಾರ. ಅವನೇ ಮಾಸ್ಟರ್ ಬ್ರೌಸರ್. ಇದಕ್ಕೂ ನಾವು ಇಂಟರ್‌ನೆಟ್ ನೋಡೋ ಬ್ರೌಸರಿಗೂ ಸಂಬಂಧ ಇಲ್ಲ. ಇದು ಪಟ್ಟಿ ಇಟ್ಟುಕೊಳ್ಳೋ ಕಾರಕೂನ.

ಇಲೆಕ್ಷನ್ ನಿಯಮ ಹಿಂಗದಾವ. ಹೊಸ, ದೊಡ್ಡ ಆಪರೇಟಿಂಗ್ ಸಿಸ್ಟಮ್ ಇದ್ದವ ಗೆಲ್ತಾನ. ವಿಂಡೋಸ್ ಎನ್‌ಟಿ ಸರ್ವರ್ ಬಂದ್ರ ವಿಂಡೋಸ್ 95 ಕೈಕಟ್ಟಿ ನಿಲ್ಲಬೇಕು. ಸಮ ಸಮ ಆದ್ರ ಯಾರು ಹೆಚ್ಚು ಹೊತ್ತಿನಿಂದ ಬಂದ್ ಆಗದೇ ಚಾಲೂ ಅದಾರ ನೋಡ್ತಾರ. ಅಲ್ಲೂ ಸಮ ಆದ್ರ ಹೆಸರಿನ ಅಕ್ಷರಮಾಲೆ. ದುಡ್ಡು ಹಂಚೋ ಪದ್ಧತಿ ಇಲ್ಲ.

ಗೆದ್ದ ಮ್ಯಾಲ ಕೆಲಸ ಶುರು. ಪ್ರತಿ ಯಂತ್ರ ಹನ್ನೆರಡು ನಿಮಿಷಕ್ಕೊಮ್ಮೆ 'ನಾ ಇನ್ನೂ ಇದ್ದೀನಿ' ಅಂತ ಹೇಳಬೇಕು. ಮೂರು ಸಲ ಹೇಳದಿದ್ರ ಹೆಸರು ಹೊಡದು ಹಾಕ್ತಾರ. ಅಂದ್ರ ಕರೆಂಟ್ ಹೋಗಿ ಒಂದು ಕಂಪ್ಯೂಟರ್ ಥಟ್ಟನೆ ಬಂದ್ ಆತು ಅನ್ನ್ರಿ, ಅದರ ಹೆಸರು 36 ನಿಮಿಷದ ತನಕ ಪಟ್ಟಿಯೊಳಗ ಜೀವಂತ ಇರತೈತಿ. ಒತ್ತಿದ್ರ ತೆರೆಯಂಗಿಲ್ಲ. ಆ ಕಾಲದ ಆಫೀಸಿನವರು ಈ ದೆವ್ವಗಳ ಜೋಡಿ ಸಂಸಾರ ಮಾಡಿದ್ರು. ಇರೋದು ಕಾಣ್ತಿದ್ದಿಲ್ಲ, ಕಾಣೋದು ಇರ್ತಿದ್ದಿಲ್ಲ.

ಈ ಮಾತು ನೆನಪಿಟ್ಟುಕೊಳ್ರಿ. ಉತಾರಕ್ಕ ಬಂದಾಗ ಬೇಕಾಗತೈತಿ.

ಭಾಗ 4

ಹಂಗಾರ ಅಗಸಿ ದಾಟಿಸೋದು ಹೆಂಗ?

ಮೊದಲ ದಾರಿ ಅತಿ ಹಳೇದು: ಚೀಟಿ. ಎಲ್‌ಎಂಹೋಸ್ಟ್ಸ್ ಅನ್ನೋ ಒಂದು ಫೈಲಿನಾಗ 'ಈ ಹೆಸರಿನವ ಈ ವಿಳಾಸದಾಗ ಇರ್ತಾನ' ಅಂತ ಕೈಯಿಂದ ಬರೆದು, ಒಂದೊಂದು ಕಂಪ್ಯೂಟರಿಗೂ ಹೋಗಿ ಹಾಕಬೇಕು. ಇಪ್ಪತ್ತು ಯಂತ್ರ ಇದ್ರ ಇಪ್ಪತ್ತು ಚೀಟಿ. ಒಬ್ಬನ ವಿಳಾಸ ಬದಲಾತು ಅಂದ್ರ ಇಪ್ಪತ್ತೂ ತಿದ್ದಬೇಕು.

ಇಂಟರ್‌ನೆಟ್ಟಿನ ಅಜ್ಜ ಅರ್ಪಾನೆಟ್ ಕೂಡ ಹೀಗೇ ನಡೆದಿತ್ತು. ಇಡೀ ಜಾಲದ ಹೆಸರು–ವಿಳಾಸಗಳ ಒಂದೇ ಒಂದು ಫೈಲು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿತ್ತು. ಅದನ್ನು ನೋಡಿಕೊಂಡದ್ದು ಎಲಿಜಬೆತ್ ಫೈನ್ಲರ್ ಮತ್ತು ಅವರ ತಂಡ. ಹೊಸ ಕಂಪ್ಯೂಟರ್ ಸೇರಿಸಬೇಕಂದ್ರ ಅವರಿಗೆ ತಿಳಿಸಬೇಕು, ಅದೂ ಆಫೀಸ್ ಟೈಮಿನಾಗ! ಯಂತ್ರಗಳು ಹೆಚ್ಚಾದಂತೆ ಒಂದು ಫೈಲಿಗೆ ಭಾರ ತಡೆಯಲಿಲ್ಲ. 1983ರಲ್ಲಿ ಪಾಲ್ ಮೋಕಪೆಟ್ರಿಸ್ ಎಂಬವರು ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಒಂದೇ ದೊಡ್ಡ ಪುಸ್ತಕದ ಬದಲು, ಊರಿಗೊಂದು ಪುಸ್ತಕ. ಯಾರ ಪುಸ್ತಕ ಎಲ್ಲಿದೆ ಅಂತ ಹೇಳೋಕೆ ಮೇಲೊಂದು ಪುಸ್ತಕ.

ಆಫೀಸಿನ ಸಣ್ಣ ಕಂಪ್ಯೂಟರುಗಳಿಗೆ ಈ ಬುದ್ಧಿ ತಡವಾಗಿ ಬಂತು. 1987ರ ಮಾರ್ಚ್‌ನಲ್ಲೇ ಆರ್‌ಎಫ್‌ಸಿ 1001, 1002 ಎಂಬ ಎರಡು ದಾಖಲೆಗಳು ದಾರಿ ಬರೆದಿಟ್ಟಿದ್ದವು: ಕೂಗಬೇಡಿ, ಎಲ್ಲರೂ ಒಬ್ಬ ಹೆಸರಿನ ಲೆಕ್ಕಿಗನ ಬಳಿ ಹೋಗಿ ನೋಂದಾಯಿಸಿ, ಅವನನ್ನೇ ಕೇಳಿ. ಮೈಕ್ರೋಸಾಫ್ಟ್ ಅದನ್ನು ವಿನ್ಸ್ ಎಂಬ ಹೆಸರಲ್ಲಿ ಕೊಟ್ಟದ್ದು 1994ರ ವಿಂಡೋಸ್ ಎನ್‌ಟಿ 3.5ರಲ್ಲಿ. ಏಳು ವರ್ಷ ಪುಸ್ತಕದಾಗಿತ್ತು, ಕೈಗೆ ಬಂದಿದ್ದಿಲ್ಲ.

ವಿನ್ಸ್ ಅಂದ್ರ ಚಾವಡಿ. ಕೂಗು ಅಗಸಿ ದಾಟಂಗಿಲ್ಲ, ಪತ್ರ ದಾಟತೈತಿ ಅಂತ ಮ್ಯಾಲ ಹೇಳಿದ್ನಲ್ಲ? ಚಾವಡಿಯ ವಿಳಾಸ ಎಲ್ಲಾ ಯಂತ್ರಕ್ಕೂ ಮೊದಲೇ ಕೊಟ್ಟಿರ್ತಾರ. ಯಾವ ಓಣಿಯವನಾದ್ರೂ ಚಾಲೂ ಆದ ಕೂಡಲೇ ಚಾವಡಿಗೆ ಪತ್ರ ಬರೀತಾನ, ಹೆಸರು ಹಚ್ಚಸ್ತಾನ. ಹುಡುಕೋರೂ ಅಲ್ಲಿಗೇ ಬರೀತಾರ. ಇನ್ನ ಆ ಪಟ್ಟಿ, ಅಂದ್ರ ನೈಬರ್‌ಹುಡ್ಡಿನಾಗ ಕಾಣೋದು, ಅದಕ್ಕ ಓಣಿಯ ಹಿರಿಯರ ಮ್ಯಾಲ ಒಬ್ಬ ದೊಡ್ಡ ಹಿರಿಯ: ಡೊಮೇನ್ ಮಾಸ್ಟರ್ ಬ್ರೌಸರ್. ಓಣಿ ಹಿರಿಯರು ತಮ್ಮ ಪಟ್ಟಿ ಅವನಿಗೆ ಕೊಟ್ಟು, ಎಲ್ಲರದ್ದೂ ಕೂಡಿಸಿದ ಪಟ್ಟಿ ಹೊಳ್ಳಿ ತರ್ತಾರ.

ಆದ್ರ ಒಂದು ಕೊಂಡಿ. ಡೊಮೇನ್ ಇಲ್ಲದ ಬಡ ವರ್ಕ್‌ಗ್ರೂಪಿಗೆ ಆ ದೊಡ್ಡ ಹಿರಿಯನ ಭಾಗ್ಯ ಇಲ್ಲ. ಸರ್ವರ್ ಕೊಂಡವರಿಗೆ ಮಾತ್ರ ಅಗಸಿ ದಾಟಿ ಕಾಣೋ ಹಕ್ಕು.

ಇಲ್ಲಿ ನನ್ನ ಹೀರೋ ಎಂಟ್ರಿ. ಆ್ಯಂಡ್ರ್ಯೂ ಟ್ರಿಜೆಲ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡ್ತಿದ್ದ ವಿದ್ಯಾರ್ಥಿ. 1991ರ ಕೊನೆಗೆ ತನ್ನ ಪಿಸಿ ಮತ್ತು ಯುನಿಕ್ಸ್ ಯಂತ್ರ ಒಂದಕ್ಕೊಂದು ಫೈಲು ಕೊಡಲಿ ಅಂತ ತಂತಿ ಮೇಲೆ ಹರಿದು ಹೋಗೋ ಮಾತುಗಳನ್ನು ಕದ್ದು ಕೇಳಿ, ಅರ್ಥ ಮಾಡಿಕೊಂಡು, ಅದೇ ಮಾತಾಡೋ ಪ್ರೋಗ್ರಾಂ ಬರೆದರು. 1992ರ ಜನವರಿಯಲ್ಲಿ ಜಗತ್ತಿಗೆ ಪುಕ್ಕಟೆ ಕೊಟ್ಟರು. ಅದೇ ಸಾಂಬಾ. ಎಸ್, ಎಂ, ಬಿ ಮೂರೂ ಅಕ್ಷರ ಸಾಲಾಗಿ ಬರೋ ಶಬ್ದ ಕಂಪ್ಯೂಟರಿನ ಶಬ್ದಕೋಶದಾಗ ಹುಡುಕಿ ಸಿಕ್ಕ ಹೆಸರು ಅದು. ಒಂದು ಹಳೇ ಪಿಸಿಗೆ ಲಿನಕ್ಸ್ ಮತ್ತು ಸಾಂಬಾ ಹಾಕಿದ್ರ ಸಾಕು, ಅದು ಚಾವಡಿಯೂ ಆಗತಿತ್ತು, ವರ್ಕ್‌ಗ್ರೂಪಿಗೆ ದೊಡ್ಡ ಹಿರಿಯನೂ ಆಗತಿತ್ತು. 'ಓಎಸ್ ಲೆವೆಲ್' ಅನ್ನೋ ಸಾಲಿನಾಗ 65 ಅಂತ ಬರೆದ್ರ ಇಲೆಕ್ಷನ್‌ದಾಗ ಎನ್‌ಟಿ ಸರ್ವರನ್ನೂ ಸೋಲಿಸತಿತ್ತು. ದುಡ್ಡಿಲ್ಲದ ಆಫೀಸು, ದುಡ್ಡಿಲ್ಲದ ಕಾಲೇಜುಗಳಿಗೆ ಇದು ಎಷ್ಟು ದೊಡ್ಡ ಮಾತು ಅಂತ ನಮಗ ಬಿಡಿಸಿ ಹೇಳೋದೇನ್ ಬ್ಯಾಡ.

ಭಾಗ 5

ಈಗ ಊರಿಗೆ ಬರೂಣು. ಈ ಫೋಟೋದಾಗ ಇರೋದು ನಮ್ಮ ಅಜ್ಜನ ಹಳೇ ಕೈಬರಹದ ಉತಾರ. ಸರ್ವೇ ನಂಬರು, ಹೆಸರು ಮುಚ್ಚೀನಿ. ಮೈಸೂರು ಕಡೆಯವರು ಇದಕ್ಕ ಪಹಣಿ ಅಂತಾರ, ಸರ್ಕಾರ ಆರ್‌ಟಿಸಿ ಅಂತೈತಿ. ನಮಗ ಉತಾರ. 1956ರ ತನಕ ನಾವು ಮುಂಬಯಿ ರಾಜ್ಯದಾಗಿದ್ವಿ. ಆ ಕಾಲದ ಉತಾರ, ತಲಾಠಿ, ಖರೇದಿ, ವಾರಸಾ, ಬೋಜಾ ಎಲ್ಲಾ ನಾಲಿಗಿ ಮ್ಯಾಲ ಹಂಗ ಉಳದಾವ.

ಉತಾರದಾಗ ಹೆಸರಿಲ್ಲ ಅಂದ್ರ ಹೊಲ ನಿಮ್ಮದಲ್ಲ ಅಂದಂಗ. ಸೊಸೈಟಿ ಸಾಲ ಇಲ್ಲ, ಬೆಳೆ ವಿಮೆ ಇಲ್ಲ, ಪರಿಹಾರ ಇಲ್ಲ. ನೀವು ದಿನಾ ಆ ಹೊಲದಾಗ ನಿಂತು ಲಿಂಬಿ ಗಿಡಕ್ಕ ನೀರು ಹಾಯಿಸ್ತಿರಬಹುದು. ಕಾಣೋದು ಬ್ಯಾರೆ, ಇರೋದು ಬ್ಯಾರೆ.

ಕರ್ನಾಟಕದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಮೊದಲ ಪ್ರಯೋಗ 1991ರಲ್ಲಿ ನಮ್ಮ ನೆರೆಯ ಗುಲ್ಬರ್ಗಾ ಜಿಲ್ಲೆಯಲ್ಲೇ ಆಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಆದರೆ ಅದರಲ್ಲೊಂದು ಬುಡದ ತಪ್ಪಿತ್ತು. ಉತಾರ ದಿನಾ ಬದಲಾಗುವುದು ತಾಲ್ಲೂಕಿನಲ್ಲಿ. ತಾಲ್ಲೂಕಿನಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಅದರಲ್ಲಿರಲಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿದ್ದ ಉತಾರ ಟೈಪ್ ಮಾಡಿದ ಮರುದಿನದಿಂದಲೇ ಹಳೆಯದಾಗುತ್ತಿತ್ತು. ಭಾಗ 3ರ ದೆವ್ವದ ಪಟ್ಟಿ ನೆನಪಾತೇನ್ರಿ?

ಅದನ್ನು ತಿದ್ದಿದ್ದು 'ಭೂಮಿ'. ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ನೇತೃತ್ವ, ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ. 2001–02ರ ಹೊತ್ತಿಗೆ 177 ತಾಲ್ಲೂಕು, ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು. ಅದುವರೆಗೆ ಈ ಪುಸ್ತಕಗಳು ಸುಮಾರು 9,000 ಗ್ರಾಮಲೆಕ್ಕಿಗರ, ಅಂದ್ರ ತಲಾಠಿಗಳ, ಕೈಯಲ್ಲಿದ್ದವು. ಭೂಮಿ ಕೇಂದ್ರ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಉತಾರಕ್ಕೆ ಬೆಲೆ ಇಲ್ಲ. ಆಗ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಪ್ರಿಂಟು ಸಿಗುತ್ತಿತ್ತು. ತಿದ್ದುಪಡಿ ಮಾಡುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಅರ್ಜಿ ಬಂದ ಸರದಿಯಲ್ಲೇ ಕೆಲಸ, ನಡುವೆ ನುಗ್ಗಿಸುವಂತಿಲ್ಲ. ನನಗ ಇದರಾಗ ಹೆಚ್ಚು ಸೇರಿದ್ದು ಕಿಟಕಿಯ ಎರಡನೇ ಪರದೆ. ಒಂದು ನೌಕರನ ಕಡೆ, ಇನ್ನೊಂದು ರೈತನ ಕಡೆ ಮುಖ. ಅವರೇನು ನೋಡ್ತಾರ, ನೀವೂ ಅದನ್ನ ನೋಡಬಹುದು.

ಆದ್ರ ಒಂದೊಂದು ತಾಲ್ಲೂಕಿನ ಸರ್ವರ್ ತನ್ನ ಓಣಿಗಷ್ಟೇ ಹಿರಿಯ. ಇಂಡಿಯ ಯಂತ್ರಕ್ಕ ಸಿಂದಗಿ ಕಾಣ್ತಿದ್ದಿಲ್ಲ, ಬಾಗೇವಾಡಿಗೆ ಮುದ್ದೇಬಿಹಾಳ ಕಾಣ್ತಿದ್ದಿಲ್ಲ. ಅದು ದೊಡ್ಡ ತೊಂದ್ರಿ ಏನಲ್ಲ. ದೊಡ್ಡ ತೊಂದ್ರಿ ಇದ್ದದ್ದು ಗೋಡೆಯ ಆಚೆ.

ಭಾಗ 6

ಹೊಲ ಖರೇದಿ ಆಗೋದು ಉಪನೋಂದಣಿ ಕಚೇರಿಯಾಗ. ಉತಾರದಾಗ ಹೆಸರು ಬರೋದು ತಹಶೀಲ್ದಾರ್ ಕಚೇರಿಯಾಗ. ಎರಡು ಬ್ಯಾರೆ ಇಲಾಖೆ. ಉಪನೋಂದಣಿ ಕಚೇರಿಗೂ ಆಮೇಲೆ ಕಂಪ್ಯೂಟರ್ ಬಂತು, 'ಕಾವೇರಿ' ಅಂತ. ಅದನ್ನು ಬರೆದದ್ದು ಪುಣೆಯ ಸಿ-ಡ್ಯಾಕ್. ಎಷ್ಟೋ ಊರಾಗ ಎರಡೂ ಕಚೇರಿ ಒಂದೇ ಕಂಪೌಂಡು, ಒಂದೇ ಚಹಾದಂಗಡಿ. ಭೂಮಿಯ ಯಂತ್ರಕ್ಕ ಕಾವೇರಿಯ ಯಂತ್ರ ಕಾಣಂಗಿಲ್ಲ. ಅವರ ನಡುವ ಹೋಗತಿದ್ದದ್ದು ಒಂದು ಕಾಗದ: ಜೆ ಸ್ಲಿಪ್. 'ಇಂಥಾ ಸರ್ವೇ ನಂಬರು ಇಂಥವರಿಂದ ಇಂಥವರಿಗೆ ಖರೇದಿ ಆಗೈತಿ' ಅಂತ ಉಪನೋಂದಣಿಯವರು ಕಂದಾಯದವರಿಗೆ ಕಳಿಸೋ ಚೀಟಿ.

ಆವಾಗ ಅದು ಬಂದ ಮ್ಯಾಲ ನೋಟಿಸು, ತಕರಾರಿಗೆ 30 ದಿನ ಇತ್ತು, ಆಮ್ಯಾಲ ಹೆಸರು ಬದಲು. ಚೀಟಿ ಬರಲಿಲ್ಲ ಅಂದ್ರ? ಭೂಮಿಯ ಲೆಕ್ಕದಾಗ ಏನೂ ಆಗೇ ಇಲ್ಲ. ಹೊಲ ಮಾರಿದವನ ಹೆಸರು ಉತಾರದಾಗ ಇನ್ನೂ ಜೀವಂತ. 36 ನಿಮಿಷ ಅಲ್ರಿ, ವರ್ಷಗಟ್ಟಲೆ.

ನಮ್ಮ ಅಜ್ಜಗ ಇದ ಆತು. ಯಾವ ತಾಲ್ಲೂಕು, ಯಾವ ಕಚೇರಿ ಅಂತ ನಾ ಹೇಳಂಗಿಲ್ಲ. ಅವರ ತಮ್ಮನ ಕಡೆಯ ಒಂದು ತುಂಡು ಹೊಲ ಖರೇದಿ ಮಾಡಿದ್ರು. ಸ್ಟಾಂಪು, ಸಹಿ, ಸಾಕ್ಷಿ ಎಲ್ಲಾ ಖರೇ. ಪತ್ರ ಟ್ರಂಕಿನಾಗ. ಎರಡು ವರ್ಷದ ಮ್ಯಾಲ ಬಾವಿ ಸಾಲಕ್ಕ ಹೋದ್ರು. ಉತಾರ ತಗಿಸಿದ್ರ ಹಳೇ ಹೆಸರು! ಅಷ್ಟ ಅಲ್ಲ, ಬೋಜಾ ಕಾಲಂದಾಗ ಒಂದು ಬೆಳೆ ಸಾಲ. ತಮ್ಮನಿಗೂ ಮೋಸ ಮಾಡೋ ಮನಸಿದ್ದಿಲ್ಲ, ಬ್ಯಾಂಕಿನವರು ಉತಾರ ನೋಡಿ 'ನಿನ್ನ ಹೆಸರಿಗೆ ಇನ್ನೂ ಹೊಲ ಐತಲ್ಲ' ಅಂದಾರ, ಅವರು ತಗೊಂಡಾರ. ಇಬ್ಬರೂ ಖರೇ ಮನಷ್ಯಾರು. ಆದ್ರ ಎರಡು ವರ್ಷ ಮಾತು ಬಿಟ್ರು. ದೀಪಾವಳಿಗೆ ಒಬ್ಬರ ಮನಿಗೆ ಒಬ್ಬರು ಹೋಗಲಿಲ್ಲ.

ಅಜ್ಜ ಎಷ್ಟು ಸಲ ಎಡತಾಕ್ಯಾರ ಅಂತ ಅವರಿಗೇ ಲೆಕ್ಕ ಇಲ್ಲ. ಈ ಕಿಟಕಿಯವರು 'ಚೀಟಿ ಬಂದಿಲ್ಲ' ಅಂತಿದ್ರು, ಆ ಕಿಟಕಿಯವರು 'ಕಳಿಸೀವಿ' ಅಂತಿದ್ರು. ನಡುವ ಇಪ್ಪತ್ತು ಹೆಜ್ಜಿ ಅಂಗಳ.

ನಾನು ಲ್ಯಾಬಿನಾಗ ಪೆನ್‌ಡ್ರೈವ್ ಹಿಡಕೊಂಡು ಮೆಟ್ಟಿಲ ಹತ್ತಿದ ಸುದ್ದಿ ಮನ್ಯಾಗ ಹೇಳಿದಾಗ ಅಜ್ಜ ನಕ್ಕು, 'ಯವ್ವಾ, ನಾನೂ ಅದ ಮಾಡೀನಿ. ಕಾಗದ ಹಿಡಕೊಂಡು' ಅಂದ್ರು. ಈ ಸರಣಿ ಬರೀಬೇಕು ಅನಿಸಿದ್ದು ಅವತ್ತು.

ಭಾಗ 7

ಅಗಸಿ ಹೆಂಗ ತೆರೀತು ಅಂತ ಈಗ.

ಎನ್‌ಐಸಿ 1976ರಲ್ಲಿ ಹುಟ್ಟಿದ ಸಂಸ್ಥೆ. 1980ರ ದಶಕದ ಕೊನೆಯ ಹೊತ್ತಿಗೆ ಜಿಲ್ಲಾಧಿಕಾರಿ ಕಚೇರಿಗಳಿಗೆ ಉಪಗ್ರಹದ ಛತ್ರಿ, ಅಂದರೆ ವಿಸ್ಯಾಟ್, ಬಂತು. ತಂತಿ ಎಳೆಯೋದು ಕಷ್ಟ ಇದ್ದ ಕಾಲಕ್ಕೆ ಅದೊಂದು ದೊಡ್ಡ ಉಪಕಾರ. ಆದ್ರ ಉಪಗ್ರಹ ಇರೋದು 36,000 ಕಿ.ಮೀ. ಮ್ಯಾಲ. ಪ್ರಶ್ನೆ ಹೋಗಿ ಉತ್ತರ ಬರಾಕ ಸುಮಾರು ಅರ್ಧ ಸೆಕೆಂಡು. ಒಂದು ಪ್ರಶ್ನೆಗೆ ಪರವಾಗಿಲ್ಲ. ಒಂದು ಫೈಲು ತೆರೆಯಾಕ ನೂರು ಸಲ ಹೋಗಿ ಬರೋ ಪ್ರೋಗ್ರಾಂ ಆದ್ರ ಐವತ್ತು ಸೆಕೆಂಡು ಕುಂದರಬೇಕು. ಒಂದೇ ಕೋಣೆಗೆ ಬರೆದ ಹಳೇ ತಂತ್ರಾಂಶ ಹಂಗ ಎತ್ತಿ ಉಪಗ್ರಹದ ಮ್ಯಾಲ ಹಾಕಾಕ ಆಗಂಗಿಲ್ಲ, ಅದಕ್ಕ.

2005ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯವ್ಯಾಪಿ ಜಾಲಗಳ ಯೋಜನೆಗೆ ಒಪ್ಪಿತು. ದೇಶಕ್ಕೆಲ್ಲ 3,334 ಕೋಟಿ ರೂಪಾಯಿ. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕು ಮಟ್ಟಕ್ಕೆ ಕನಿಷ್ಠ 2 ಎಂಬಿಪಿಎಸ್ ದಾರಿ. ನಿಮ್ಮ ಫೋನಿನ ಒಂದು ರೀಲ್ ನೋಡಾಕ ಸಾಲಂಗಿಲ್ಲ ಅನ್ನಬಹುದು, ಆದ್ರ ಉತಾರಕ್ಕ ಭರ್ಜರಿ ಆತು. ನಮ್ಮ ರಾಜ್ಯದ ಜಾಲಕ್ಕೆ ಕೆಸ್ವಾನ್ ಅಂತ ಹೆಸರು. ತಾಲ್ಲೂಕಿನ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಂದೆಡೆ ಸೇರಿದವು. ಹೋಬಳಿ ಮಟ್ಟದಲ್ಲಿ ಸುಮಾರು 800 ನೆಮ್ಮದಿ ಕೇಂದ್ರಗಳು ಉತಾರ ಕೊಡಲು ಆದದ್ದು ಇದರಿಂದಲೇ.

ಮತ್ತೆ ಭೂಮಿಗೂ ಕಾವೇರಿಗೂ ನಡುವೆ ದಾರಿ ಹಾಕಿದರು. ಖರೇದಿ ನೋಂದಣಿ ಆದ ಕೂಡಲೇ ಜೆ ಸ್ಲಿಪ್ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುತ್ತದೆ, ಹೆಸರು ಬದಲಾವಣೆಯ ಕೆಲಸ ತಾನಾಗಿ ಶುರು. ನೋಂದಣಿ ಮಾಡುವಾಗ ಆ ಕಡೆಯವರು ಈ ಕಡೆಯ ಉತಾರವನ್ನೂ ನೋಡುತ್ತಾರೆ: ಮಾರುವವನ ಹೆಸರು ಅಲ್ಲಿ ಇದೆಯೋ ಇಲ್ಲವೋ. ಒಂದು ಸರ್ವೇ ನಂಬರಿನ ತುಂಡು ಮಾರಬೇಕಾದರೆ ಭೂಮಾಪನದವರ 11ಇ ನಕ್ಷೆ ಬೇಕು, ಅದು 'ಮೋಜಿಣಿ' ಎಂಬ ಮೂರನೇ ತಂತ್ರಾಂಶದಿಂದ ಬರುತ್ತದೆ. ಬ್ಯಾಂಕುಗಳ ಬೋಜಾ ಕೂಡ ಆನ್‌ಲೈನ್.

ಇಲ್ಲಿ ಒಂದು ಸೂಕ್ಷ್ಮ ಗಮನಿಸ್ರಿ. ಎರಡೂ ಕಚೇರಿಯ ಗೋಡೆ ಒಡದು ಒಂದೇ ದೊಡ್ಡ ಕೋಣೆ ಮಾಡಲಿಲ್ಲ. ಅಗಸಿ ಹಂಗ ಉಳೀತು. ಕಾವೇರಿಯವರು ಭೂಮಿಯ ಇಡೀ ಪುಸ್ತಕ ತೆರೆದು ಗೀಚಾಕ ಆಗಂಗಿಲ್ಲ. ಗೊತ್ತಾದ ಪ್ರಶ್ನೆ ಕೇಳಬಹುದು, ಗೊತ್ತಾದ ಚೀಟಿ ಕಳಿಸಬಹುದು. ವಿನ್ಸ್ ಮಾಡಿದ್ದೂ ಇದೇ ಕೆಲಸ. ಕೂಗಾಟ ಬಿಟ್ಟು, ಇಬ್ಬರಿಗೂ ಗೊತ್ತಿರೋ ಒಂದು ಚಾವಡಿ, ಅಲ್ಲೊಂದು ಪುಸ್ತಕ.

ಭಾಗ 8

ಎಲ್ಲಾ ಕಂಡ್ರ ಎಲ್ಲಾ ಚೊಲೋ ಅಂತ ಬರೀತೀನಿ ಅನಕೊಂಡ್ರೇನು? ಇಲ್ರಿ.

2017ರ ಮೇ 12ರಂದು ವನ್ನಾಕ್ರೈ ಎಂಬ ಹುಳು ಜಗತ್ತಿನಾದ್ಯಂತ ಹರಡಿತು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ಪ್ರೋಗ್ರಾಂ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ಯಾವ ದಾರಿ ಹಿಡಿದು ಯಂತ್ರದಿಂದ ಯಂತ್ರಕ್ಕೆ ಜಿಗೀತು ಗೊತ್ತೇನು? ಫೈಲು ಹಂಚೋ ಇದೇ ಹಳೇ ಎಸ್‌ಎಂಬಿ ಒಂದನೇ ಆವೃತ್ತಿಯ ಬಾಗಿಲು. ಪರಸ್ಪರ ಮುಟ್ಟಬಲ್ಲ ಯಂತ್ರಗಳೆಲ್ಲ ಪರಸ್ಪರ ಜಡ್ಡು ಹಚ್ಚಿದವು. ಅದೇ ವರ್ಷದ ಅಕ್ಟೋಬರಿನ ವಿಂಡೋಸ್ 10 ಆವೃತ್ತಿಯಿಂದ ಮೈಕ್ರೋಸಾಫ್ಟ್ ಆ ಒಂದನೇ ಆವೃತ್ತಿಯನ್ನ ಹೊಸ ಯಂತ್ರಗಳಲ್ಲಿ ಹಾಕುವುದನ್ನೇ ಬಿಟ್ಟಿತು. ಅದರ ಜೋಡಿ ಇಲೆಕ್ಷನ್ ಮಾಡೋ ಹಳೇ ಕಾರಕೂನನೂ ಮನಿಗೆ ಹೋದ. ಈಗ ನೆಟ್‌ವರ್ಕ್ ಪಟ್ಟಿ ತುಂಬಿಸೋದು ಡಬ್ಲ್ಯೂಎಸ್-ಡಿಸ್ಕವರಿ ಅನ್ನೋ ಹೊಸ ಪದ್ಧತಿ. ಹೆಸರು ಹೊಸದು, ಸ್ವಭಾವ ಹಳೇದು. ಅದೂ ತನ್ನ ಓಣಿಯೊಳಗಷ್ಟ ಕೂಗತೈತಿ, ಅಗಸಿ ದಾಟಂಗಿಲ್ಲ. ನಮ್ಮ ಲ್ಯಾಬಿನಾಗ ಆದದ್ದು ಅದ.

ಭೂಮಿಯ ಕಡೆಯೂ ಇಂಥಾ ತಕರಾರು ಬಂದದ. ಸೊಲೊಮನ್ ಬೆಂಜಮಿನ್ ಮತ್ತು ಜೊತೆಗಾರರು 2007ರಲ್ಲಿ ಭೂಮಿ ಯೋಜನೆಯನ್ನು ಕಟುವಾಗಿ ವಿಮರ್ಶಿಸಿ ಒಂದು ಅಧ್ಯಯನ ಬರೆದರು. ಬೆಂಗಳೂರಿನ ಸುತ್ತಿನ ಹಳ್ಳಿ ಜಮೀನು ನೋಡಿ ಅವರು ಹೇಳಿದ್ದು, ದಾಖಲೆ ಊರಿನಿಂದ ಮೇಲೆ ಹೋದಷ್ಟೂ ದೊಡ್ಡ ಜಮೀನು ಬೇಕಾದವರಿಗೆ ಅನುಕೂಲ, ಸಣ್ಣ ರೈತರಿಗಲ್ಲ ಅಂತ. ನಾ ಪೂರಾ ಒಪ್ಪಂಗಿಲ್ಲ, ಯಾಕಂದ್ರ ಊರೊಳಗ ಪುಸ್ತಕ ಇದ್ದಾಗ ತಲಾಠಿ ಮನಿ ಮುಂದ ಎಷ್ಟು ಹೊತ್ತು ಕಾಯಬೇಕಿತ್ತು ಅಂತ ಅಜ್ಜ ಹೇಳ್ಯಾರ. ಆದ್ರ ಪ್ರಶ್ನೆ ಖರೇ ಐತಿ. ಇಂಡಿಯ ಹೊಲ ಬೆಂಗಳೂರಿಗೆ ಕಾಣತೈತಿ ಅಂದ್ರ, ಬೆಂಗಳೂರಿನ್ಯಾಗ ಯಾರಿಗೆ ಕಾಣತೈತಿ? ಕಿಟಕಿಯ ಎರಡನೇ ಪರದೆ ರೈತನ ಕಡೆ ತಿರುಗಿತ್ತು. ಈಗ ಪುಸ್ತಕ ದೂರ ಹೋದ ಮ್ಯಾಲ ಆ ಎರಡನೇ ಪರದೆ ಎಲ್ಲಿ?

ಒಂದು ಉತ್ತರ ನಿಮ್ಮ ಕೈಯಾಗ ಐತಿ. ಫೋನು. ಭೂಮಿಯ ಜಾಲತಾಣದಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೇ ನಂಬರು ಹಾಕಿದ್ರ ಉತಾರ ನೋಡಬಹುದು. ಇಂಡಿಯಿಂದ ಚಡಚಣ ಬ್ಯಾರೆ ತಾಲ್ಲೂಕು ಆಗೈತಿ, ಸಿಂದಗಿಯಿಂದ ದೇವರ ಹಿಪ್ಪರಗಿ. ಆ ಕಡೆಯವರು ಹಳೇ ತಾಲ್ಲೂಕಿನ ಹೆಸರಿನಾಗ ಹುಡುಕಿ 'ನಮ್ಮ ಹೊಲ ಕಾಣವಲ್ದು' ಅಂತ ಗಾಬರಿ ಆಗಬ್ಯಾಡ್ರಿ. ಹೊಲ ಅಲ್ಲೇ ಐತಿ, ಓಣಿ ಹೆಸರು ಬದಲಾಗೈತಿ.

ಭಾಗ 9

ಲ್ಯಾಬಿನ ಕಥೆ ಮುಗಸ್ತೀನಿ. ಲ್ಯಾಬ್ ಸರ್ ನಮ್ಮನ್ನ ಬೈಲಿಲ್ಲ, ಕೆಲಸ ಹಚ್ಚಿದ್ರು. ಮ್ಯಾಲಿನ ಯಂತ್ರಗಳಿಗೆ ಬದಲಾಗದ ವಿಳಾಸ ಕೊಟ್ಟು, ಅವುಗಳ ಹೆಸರನ್ನ ಸರ್ವರಿನ ಡಿಎನ್‌ಎಸ್‌ದಾಗ ಬರೆದು, ಪ್ರಾಜೆಕ್ಟ್ ಫೋಲ್ಡರನ್ನ ಕೆಳಗಿನ ಯಂತ್ರಗಳಿಗೆ ಒಂದು ಡ್ರೈವ್ ಹಂಗ ಜೋಡಿಸಿದ್ವಿ. ಪಾಸ್‌ವರ್ಡ್ ಇಟ್ಟೀವಿ, ಹಳೇ ಎಸ್‌ಎಂಬಿ ತೆರೆದಿಲ್ಲ. ಐಕಾನ್ ಒತ್ತಿದ್ರ ಮ್ಯಾಲಿನ ಲ್ಯಾಬ್ ಈಗಲೂ ಪಟ್ಟಿಯೊಳಗ ಕಾಣಂಗಿಲ್ಲ. ಹೆಸರು ಹಿಡಿದು ಕರೆದ್ರ ಬರತೈತಿ. ಜೂನಿಯರ್‌ಗಳಿಗೆ: ಹೆಸರುಗಳ ಚೀಟಿ ಗೋಡೆಗೆ ಅಂಟಿಸೀವಿ, ಹರೀಬ್ಯಾಡ್ರಿ.

ಕೊನೇ ಫೋಟೋ ನಮ್ಮ ಅಜ್ಜಂದು. ಮುಖ ಬ್ಯಾಡ ಅಂದ್ರು, ಅದಕ್ಕ ಬರೇ ಕೈ. ಹೋದ ವಾರ ನನ್ನ ಫೋನಿನಾಗ ಉತಾರ ತಗದು ತೋರಿಸಿದೆ. ಕನ್ನಡಕ ಏರಿಸಿ, ತಮ್ಮ ಹೆಸರಿನ ಮ್ಯಾಲ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದ್ರು. ಪರದೆ ಜರಗಿ ಹೋತು, ಹೊಳ್ಳಿ ತಂದ್ವಿ. ಮತ್ತೊಮ್ಮೆ ಓದಿದ್ರು.

'ಆತು. ಈಗ ಬೋಜಾ ಕಾಲಂ ತೋರಸು' ಅಂದ್ರು.

#ಇಂಡಿ #ಉತಾರ #ಭೂಮಿ #ನೆಟ್‌ವರ್ಕ್_ಇತಿಹಾಸ #ವಿಜಯಪುರ_ಜಿಲ್ಲೆ